ಹೊಲಿಗೆಯಿಲ್ಲದ ಮಡ್‌ಗಾರ್ಡು

ಹಳೇ ಕಾರನ್ನು ಯಾರಾದರೂ ಕಂಪನಿಯ ಹೆಸರು ಹಿಡಿದು ಕರೆದರೆ ಟಿಂಕರ್ ಯಜಮಾನರು ಮೂಗು ಮುರಿಯುತ್ತಿದ್ದರು. ಹೆಸರನ್ನು ಬಾನೆಟ್ಟಿನ ಮೇಲೇ ಬರೆದಿರುತ್ತಾರೆ, ಅದನ್ನು ಓದಲು ಒಂದನೇ ಕ್ಲಾಸು ಸಾಕು, ಗಾಡಿ ಗೊತ್ತು ಅನ್ನಬೇಕಾದರೆ ಅದರ ಮೈ ಗೊತ್ತಿರಬೇಕು ಎನ್ನುವುದು ಅವರ ವಾದ. ಐವತ್ತು ವರ್ಷಕ್ಕೂ ಮೇಲೆ ಜಜ್ಜಿಹೋದ ಕಾರುಗಳ ತಗಡು ಬಡಿದು ಸರಿಮಾಡಿದ ಮನುಷ್ಯ, ಆ ಮಟ್ಟಿನ ಜಂಬ ಇರಬೇಕಾದ್ದೇ. ಒಂದೊಂದು ಮಾಡೆಲ್ಲಿಗೂ ತಾವೇ ಹೆಸರಿಟ್ಟಿದ್ದರು. ಮುಂದಿನ ಜಾಲರಿ ದೊಡ್ಡದಾಗಿದ್ದರೆ ಹಲ್ಲುಗಿಂಜುಕ. ಹೆಡ್‌ಲೈಟು ಮಡ್‌ಗಾರ್ಡಿನ ಮೇಲೆ ಎದ್ದು ಕೂತಿದ್ದರೆ ಕಪ್ಪೆಗಣ್ಣ. ಮಡ್‌ಗಾರ್ಡು ಬೇರೆಯಾಗಿ ಉಬ್ಬಿಕೊಂಡು, ಹಿಂಭಾಗ ಗುಂಡಗಿದ್ದದ್ದು ಗುಂಡಮ್ಮ. ಅದೇ ಕಂಪನಿಯವರು ಆಮೇಲೆ ತಂದದ್ದು, ಬೆನ್ನು ನೀಳವಾಗಿ ಇಳಿದದ್ದು, ಜಾರುಬೆನ್ನಿ.

ಬೇರೆಯವರು ಕಾರಿನ ಸುತ್ತ ಒಂದು ಸುತ್ತು ಹಾಕಿ ನೋಡಿದರೆ ಇವರು ಪಕ್ಕದಲ್ಲಿ ಒಂದು ಮಂಡಿಯೂರಿ ಕೂರುತ್ತಿದ್ದರು. ಬಾಗಿಲಿನಿಂದ ಹಿಂದಿನ ದೀಪದವರೆಗೆ ಬೆಳಕು ತಗಡಿನ ಮೇಲೆ ಹೇಗೆ ಹರಿಯುತ್ತದೆ ಎಂದು ನೋಡುವುದು. ಇಲ್ಲಿ ಚೂರು ಉಬ್ಬಲಿ, ಅಲ್ಲಿ ಮೆಲ್ಲಗೆ ಇಳಿಯಲಿ ಎಂದು ಯಾವನೋ ಪುಣ್ಯಾತ್ಮ ತಿಂಗಳುಗಟ್ಟಲೆ ಯೋಚಿಸಿದ್ದಾನೆ, ಅದನ್ನು ನೋಡದೆ ಎಂಜಿನ್ನಿನ ವಿಷಯ ಕೇಳುತ್ತಾರಲ್ಲ ಎಂದು ಅವರಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಶೆಡ್ಡಿನ ಇನ್ನೊಂದು ಅರ್ಧದಲ್ಲಿ ಅವರ ಹೆಂಡತಿ ಬಣ್ಣ ಹೊಡೆಯುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ಆಕೆಯ ಬಾಯಿಗೆ ತಡೆ ಇರಲಿಲ್ಲ. ಈ ಮಹಾರಾಯರು ಎಪ್ಪತ್ತು ದಾಟಿದರೂ ಹೆಂಡತಿಯ ಕೆನ್ನೆ ಮೇಲಿನ ಮಚ್ಚೆ ಎಡಕ್ಕೋ ಬಲಕ್ಕೋ ಹೇಳಲಾರರು, ಗುಂಡಮ್ಮನ ಮೈಮೇಲೆ ಎಷ್ಟು ಬೋಲ್ಟು ಅಂದರೆ ನಿದ್ದೆಗಣ್ಣಲ್ಲೂ ಹೇಳುತ್ತಾರೆ ಎಂದು ಬಂದವರೆದುರು ಹಂಗಿಸುತ್ತಿದ್ದರು.

ಒಂದು ಬೆಳಿಗ್ಗೆ ಎದುರು ಸಾಲಿನ ಟೈಲರಮ್ಮ ರಸ್ತೆ ದಾಟಿ ಬಂದರು. ಐವತ್ತರ ಹೆಂಗಸು, ಮಾತು ಕಡಿಮೆ. ಕೈಯಲ್ಲಿ ಒಂದು ಕಪ್ಪುಬಿಳುಪು ಫೋಟೋ. ಒಬ್ಬಳು ಹೆಂಗಸು ನಾಲ್ಕು ತಿಂಗಳೊಳಗಿನ ಮಗುವನ್ನು ಎತ್ತಿಕೊಂಡು ಯಾರದೋ ಕಾರಿನ ಹಿಂಭಾಗಕ್ಕೆ ಒರಗಿ ನಿಂತಿದ್ದಾಳೆ. ಆ ಕಾಲದಲ್ಲಿ ಕಾರು ಇದ್ದವರಿಗಿಂತ ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರೇ ಹೆಚ್ಚು. ಫೋಟೋದ ಹಿಂದುಗಡೆ ಟೈಲರಮ್ಮನ ಅಪ್ಪನ ಅಕ್ಷರದಲ್ಲಿ 'ತಾಯಿ, ಮಗು' ಎಂದಷ್ಟೇ ಇತ್ತು. ತಾರೀಕಿಲ್ಲ.

ತಾಯಿ ಯಾರೆಂಬುದರಲ್ಲಿ ಅನುಮಾನವಿರಲಿಲ್ಲ. ಟೈಲರಮ್ಮ ಐದು ತಿಂಗಳ ಕೂಸಾಗಿದ್ದಾಗ ತೀರಿಕೊಂಡ ಅವರ ಅಮ್ಮ. ಆಕೆಗಿದ್ದದ್ದು ಇಬ್ಬರೇ ಮಕ್ಕಳು, ಇವರು ಮತ್ತು ನಾಲ್ಕು ವರ್ಷ ದೊಡ್ಡವನಾದ ಅಣ್ಣ. ಮಗು ಅಣ್ಣನೇ ಎಂದು ಮನೆಯಲ್ಲಿ ಎಲ್ಲರೂ ಅಂದುಕೊಂಡು ಬಂದಿದ್ದರು, ಫೋಟೋ ಅಣ್ಣನ ಮನೆಯ ಗೋಡೆಯ ಮೇಲೇ ಇತ್ತು. ಈಗ ಅವನು ಮನೆ ಬದಲಿಸುವಾಗ ತಂಗಿಗೆ ಕೊಟ್ಟುಬಿಟ್ಟಿದ್ದ. ಯಾರಿಗೆ ಗೊತ್ತು, ನೀನೇ ಅಂತ ತಿಳ್ಕೊ ಎಂದಿದ್ದನಂತೆ. ಅಮ್ಮನ ಜೊತೆ ತಮ್ಮದೊಂದೂ ಫೋಟೋ ಇಲ್ಲ ಎಂಬ ಕೊರಗು ಟೈಲರಮ್ಮನಿಗೆ ಬುದ್ಧಿ ಬಂದಾಗಿನಿಂದ ಇತ್ತು.

"ತಿಳ್ಕೊಳ್ಳೋದು ಬೇಡ ಯಜಮಾನ್ರೇ, ಗೊತ್ತಾಗಬೇಕು," ಎಂದರು. "ಈ ಕಾರು ಯಾವ ವರ್ಷದ್ದು ಹೇಳ್ತೀರಾ?"

ಯಜಮಾನರು ಭೂತಗನ್ನಡಿ ತಂದರು. ಫೋಟೋದಲ್ಲಿ ಕಾರು ಕಂಡದ್ದು ಒಂದು ತುಂಡಷ್ಟೇ. ಹಿಂದಿನ ಮಡ್‌ಗಾರ್ಡು, ಬಂಪರಿನ ತುದಿ, ಬಾಗಿಲ ಅಂಚು, ಒಂದು ದುಂಡು ದೀಪ. ದುಂಡು ದೀಪ ಕಂಡಿದ್ದೇ ತಡ, ಕನ್ನಡಿ ಕೆಳಗಿಟ್ಟರು. ಗುಂಡಮ್ಮ, ಎಂದರು. ಆಮೇಲೆ ಬಂದ ಜಾರುಬೆನ್ನಿಗೆ ಉದ್ದ ದೀಪ, ಇದು ಅದಲ್ಲ. ನಿಮ್ಮಣ್ಣ ಹುಟ್ಟಿದಾಗ ಓಡುತ್ತಿದ್ದದ್ದು ಇದೇ, ಮಗು ಅವರೇ ಇರಬೇಕು. ಟೈಲರಮ್ಮ ಫೋಟೋವನ್ನು ಸೆರಗಿನಿಂದ ಒರೆಸಿ, ಇಷ್ಟಾದರೂ ಗೊತ್ತಾಯಿತಲ್ಲ ಎಂದು ಹೇಳಿ ಹೋದರು. ಆ ದಿನ ಅವರ ಮೆಷಿನ್ನಿನ ಸದ್ದು ಎದುರು ಸಾಲಿನಿಂದ ಕೇಳಿಸಲಿಲ್ಲ. ಯಜಮಾನರಿಗೆ ಅದು ತಿಳಿಯಿತು, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ ಎಂದು ಸಮಾಧಾನ ಮಾಡಿಕೊಂಡರು.

ಮಾರನೇ ದಿನ ಒಬ್ಬ ಹಲ್ಲಿನ ಡಾಕ್ಟರು ಬಂದರು. ಹೊಸದಾಗಿ ಒಂದು ಹಳೇ ಕಾರು ಕೊಂಡು ನೆಲಕ್ಕೆ ಕಾಲು ತಾಗದ ಹಾಗೆ ಓಡಾಡುತ್ತಿದ್ದವರು. ತಮ್ಮ ಗಾಡಿ ತೀರಾ ಅಪರೂಪದ ವರ್ಷದ್ದು, ಹಿಂದಿನ ದೀಪವೇ ಸಾಕ್ಷಿ ಎಂದು ಬೀಗಿದರು. ಯಜಮಾನರು ಮಂಡಿಯೂರಿ ನೋಡಿ, ತಲೆಯಾಡಿಸಿ, ಶುರು ಮಾಡಿಯೇ ಬಿಟ್ಟರು.

"ಡಾಕ್ಟ್ರೇ, ದೀಪ ನೋಡಿ ವರ್ಷ ಹೇಳೋದು ಕಟ್ಟಿಸಿಕೊಂಡ ಹಲ್ಲು ನೋಡಿ ವಯಸ್ಸು ಹೇಳಿದ ಹಾಗೆ. ದೀಪ ಒಡೀತದೆ, ಸಿಕ್ಕಿದ್ದು ಹಾಕ್ತಾರೆ. ಆ ಕಾಲದಲ್ಲಿ ಜಾರುಬೆನ್ನಿ ದೀಪ ಒಡೆದರೆ ವರ್ಷಗಟ್ಟಲೆ ಬೇರೆ ಸಿಗ್ತಿರಲಿಲ್ಲ, ನಾನೇ ಎಷ್ಟೋ ಗಾಡಿಗೆ ಗುಂಡಮ್ಮನ ದುಂಡು ದೀಪ..."

ಮಾತು ಅಲ್ಲೇ ನಿಂತಿತು. ಡಾಕ್ಟರು ಕಾದರು. ಯಜಮಾನರು ಬಾಯಿ ತೆರೆದುಕೊಂಡೇ ಎದುರು ಸಾಲಿನ ಕಡೆ ನೋಡುತ್ತಿದ್ದರು. ತಗಡು ನೋಡು ತಗಡು ನೋಡು ಎಂದು ಊರಿಗೆಲ್ಲ ಪಾಠ ಹೇಳಿದವರು ತಾವೇ ದೀಪ ನೋಡಿ ಕೆಟ್ಟಿದ್ದರು.

ಹೆಂಡತಿಯ ಬಳಿ ಹೋಗಿ, ಮೊದಲ ಜಾರುಬೆನ್ನಿ ಶೆಡ್ಡಿಗೆ ಬಂದದ್ದು ಯಾವಾಗ ಎಂದು ಕೇಳಿದರು. ಆಕೆ ಸ್ಪ್ರೇ ಗನ್ ಕೆಳಗಿಡದೆ ಉತ್ತರ ಹೇಳಿದರು. ನಮ್ಮ ಮದುವೆ ವಾರ, ಇನ್ನೂ ಮಾರುಕಟ್ಟೆಗೆ ಬಂದು ತಿಂಗಳಾಗದ ಹೊಸಾ ಗಾಡಿಯ ಜಜ್ಜು ತೆಗೆಯಲು ಹೋಗಿ ನೀವು ಹೆಬ್ಬೆರಳು ಒಡೆದುಕೊಂಡು ಬಂದಿದ್ದಿರಿ, ಮದುವೆ ಫೋಟೋ ಎಲ್ಲದರಲ್ಲೂ ಬಿಳೀ ಬ್ಯಾಂಡೇಜು. ಆ ಮದುವೆಗೆ ಈಗ ಐವತ್ತೆರಡು ವರ್ಷ. ಟೈಲರಮ್ಮನಿಗೆ ಐವತ್ತೊಂದು, ಅಣ್ಣನಿಗೆ ಐವತ್ತೈದು. ಫೋಟೋದಲ್ಲಿದ್ದದ್ದು ಜಾರುಬೆನ್ನಿಯಾದರೆ, ಅದು ರಸ್ತೆಗೆ ಬರುವ ಹೊತ್ತಿಗೆ ಅಣ್ಣ ಓಡಾಡುವ ಹುಡುಗ.

"ಜಾರುಬೆನ್ನಿ ಆದರೆ ನೀವೇ ಅಂತ ಹೇಳೋಕೆ ಹೋಗಬೇಡಿ," ಎಂದರು ಹೆಂಡತಿ, ಈಗ ಮೂಗಿನ ಬಟ್ಟೆ ಸರಿಸಿ. "ಒಂದ್ಸಲ ಅವಳ ಆಸೆ ಮುರಿದಿದ್ದೀರಿ. ಖಾತ್ರಿ ಇದ್ದರೆ ಮಾತ್ರ ಬಾಯಿ ಬಿಡಿ."

ಯಜಮಾನರು ಡಾಕ್ಟರನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದರು. ಟೈಲರ್ ಅಂಗಡಿ ಎಂದರೆ ಒಂದು ಕೋಣೆ, ಎರಡು ಮೆಷಿನ್ನು, ಗೋಡೆಯುದ್ದಕ್ಕೂ ಹೊಲಿದು ನೇತುಹಾಕಿದ ಬಟ್ಟೆ. ಫೋಟೋ ಇನ್ನೊಮ್ಮೆ ಕೊಡಿ ಎಂದರು. ಟೈಲರಮ್ಮ ಡ್ರಾಯರಿನಿಂದ ತೆಗೆದು ಕೊಟ್ಟರು. ಯಜಮಾನರು ಜೇಬಿನಿಂದ ಭೂತಗನ್ನಡಿ ತೆಗೆದು ಕಾರಿನ ಮೇಲೆ ಹಿಡಿದರು. ಮಗುವಿಗೆ ಸುತ್ತಿದ್ದ ಬಟ್ಟೆಯ ಅಂಚು ಮಡ್‌ಗಾರ್ಡಿನ ಅರ್ಧವನ್ನು ಮುಚ್ಚಿತ್ತು. ಕೊನೆಗೆ ಕನ್ನಡಿಯನ್ನು ಆಕೆಯ ಕೈಗೇ ಕೊಟ್ಟರು.

"ಅಮ್ಮಾ, ನಾನು ನಿನ್ನೆ ತಪ್ಪು ಹೇಳಿದೆ ಅನಿಸ್ತದೆ. ನನ್ನ ಕಣ್ಣನ್ನ ನಾನೇ ನಂಬ್ತಿಲ್ಲ, ನೀವೇ ನೋಡಿ. ಹಳೇ ಗಾಡೀಲಿ ಮಡ್‌ಗಾರ್ಡು ಬೇರೆ, ಮೈ ಬೇರೆ. ಎರಡನ್ನೂ ಬೋಲ್ಟಲ್ಲಿ ಕೂಡಿಸಿ, ಸಂದೀಲಿ ಕಪ್ಪು ರಬ್ಬರ್ ಇಟ್ಟಿರ್ತಾರೆ. ನಿಮ್ಮ ಭಾಷೇಲಿ ಹೊಲಿಗೆ. ಹೊಸದರಲ್ಲಿ ಎಲ್ಲಾ ಒಂದೇ ತಗಡು. ಇಲ್ಲಿ ಹೊಲಿಗೆ ಇದೆಯಾ?"

ಮೂವತ್ತು ವರ್ಷ ಹೊಲಿಗೆ ನೋಡಿದ ಕಣ್ಣು ಅದು. ಟೈಲರಮ್ಮ ಬಾಗಿಲ ಬೆಳಕಿಗೆ ಹೋದರು. ಕಿರುಬೆರಳನ್ನು ಫೋಟೋಗೆ ತಾಗಿಸದೆ ಕಾರಿನ ಬಾಗಿಲ ಅಂಚಿನಿಂದ ಉಬ್ಬಿನ ಮೇಲೆ ಹಾಯಿಸಿ ದೀಪದವರೆಗೆ ತಂದರು. ಮತ್ತೆ ಹಿಂದಕ್ಕೆ ಒಯ್ದರು. ಬಟ್ಟೆ ಮುಚ್ಚಿದ್ದ ಜಾಗದ ಮೇಲೂ ಕೆಳಗೂ ನೋಡಿದರು.

"ಇಲ್ಲ," ಎಂದರು. "ಎಲ್ಲೂ ಕೂಡಿಸಿಲ್ಲ. ಒಂದೇ ಪೀಸಲ್ಲಿ ಕತ್ತರಿಸಿದ್ದಾರೆ."

"ಹಾಗಾದರೆ ಅದು ನೀವು," ಎಂದರು ಯಜಮಾನರು. ಮದುವೆ, ಹೆಬ್ಬೆರಳು, ಐವತ್ತೆರಡು ವರ್ಷದ ಲೆಕ್ಕ ಎಲ್ಲವನ್ನೂ ತಡವರಿಸುತ್ತಾ ಹೇಳಿದರು. ಆ ದುಂಡು ದೀಪ ಹಾಕಿದವರು ತಾವೋ ಬೇರೆ ಟಿಂಕರೋ ಗೊತ್ತಿಲ್ಲ, ಆದರೆ ದೀಪದ ಮಾತು ಕೇಳಿ ನಿಮ್ಮನ್ನು ಒಂದು ದಿನ ಅಳಿಸಿದೆ, ತಪ್ಪಾಯಿತು ಎಂದರು.

ಟೈಲರಮ್ಮ ಆಗಲೇ ಅಣ್ಣನಿಗೆ ಫೋನು ಮಾಡಿದರು. ಮಡ್‌ಗಾರ್ಡಿನ ವಿಷಯ ಹೇಳಿದರು. ಅವನು ಹೇಳಿದ್ದನ್ನು ಕೇಳಿ ಟೈಲರಮ್ಮ ನಕ್ಕರು, ಕಣ್ಣೊರೆಸಿಕೊಂಡರು. ಅಮ್ಮ ನನಗೆ ನಾಲ್ಕು ವರ್ಷ ಸಿಕ್ಕಿದ್ದಳು, ಫೋಟೋ ನಿನಗಿರಲಿ ಬಿಡು ಎಂದನಂತೆ.

ಹೊರಡಲು ಎದ್ದ ಯಜಮಾನರನ್ನು ಆಕೆ ನಿಲ್ಲಿಸಿದರು. ಇದರಲ್ಲಿ ಇನ್ನೊಂದು ವಿಷಯ ನೋಡಿ ಎಂದು ಫೋಟೋ ಮುಂದೆ ಹಿಡಿದರು. ಎರಡು ದಿನ ಕನ್ನಡಿ ಹಿಡಿದು ನೋಡಿದ್ದರೂ ಯಜಮಾನರು ಆ ಹೆಂಗಸಿನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದರು. ಬೇರೆಯವರ ಹಾಗಲ್ಲ, ಆಕೆ ಕ್ಯಾಮರಾದ ಕಡೆ ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ, ತುಟಿ ಅರ್ಧ ತೆರೆದು, ಮಗುವಿಗೆ ಏನೋ ಹೇಳುತ್ತಿದ್ದಳು.

"ನನ್ನ ಹತ್ರ ಮಾತಾಡ್ತಿದ್ದಾಳೆ," ಎಂದರು ಟೈಲರಮ್ಮ.