ತೂತಿಲ್ಲದ ಟ್ಯಾಂಕು

ಬ್ರೂಸ್‌ಪೇಟೆಯ ಗುಲ್ನಾಜ್ ಕಬ್ಬಿಣ ಕಂಡರೆ ಬೆರಳಿನಿಂದ ತಟ್ಟಿ ನೋಡದೆ ಮುಂದೆ ಹೋಗುವವಳಲ್ಲ. ಮದುವೆಮನೆಯ ಬಿರಿಯಾನಿ ಹಂಡೆಯನ್ನೂ ಬಿಟ್ಟವಳಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಭತ್ತ ಬೇಯಿಸುವ ಹಬೆಯ ಟ್ಯಾಂಕುಗಳಿಗೆ ಒಳಗೊಂದು, ಹೊರಗೊಂದು ಬಿಲ್ಲೆ ಅಂಟಿಸುವುದು ಅವಳ ಉದ್ಯೋಗ. ಹೊರಗಿನ ಬಿಲ್ಲೆ ಮನುಷ್ಯರ ಕಿವಿಗೆ ಕೇಳದ ಸದ್ದನ್ನು ಉಕ್ಕಿನ ಮೂಲಕ ಕಳಿಸುತ್ತದೆ. ಒಳಗಿನ ಬಿಲ್ಲೆ ಆ ನಡುಕವನ್ನೇ ಕರೆಂಟು ಮಾಡಿಕೊಂಡು, ಒಳಗೆ ಒತ್ತಡ ಎಷ್ಟಿದೆ ಎಂಬ ಸುದ್ದಿಯನ್ನು ಅದೇ ದಾರಿಯಲ್ಲಿ ಹೊರಗೆ ಮುಟ್ಟಿಸುತ್ತದೆ. ನಂಬದವರ ಕಿವಿಯನ್ನು ತಣ್ಣಗಿರುವ ಟ್ಯಾಂಕಿಗೆ ಆನಿಸಿ, ಆಚೆ ಬದಿಯಿಂದ ತಟ್ಟಿ, "ಕೇಳ್ತೈತಿಲ್ರಿ? ಸದ್ದು ದಾಟಿದ್ರ ಕರೆಂಟೂ ದಾಟ್ತೈತಿ" ಎನ್ನುತ್ತಾಳೆ. ಒಂದು ಮಾತು ಕೇಳಿದರೆ ಹತ್ತು ಹೇಳುವವಳು. ಮೊನ್ನೆ ಅಂಥದೊಂದು ಗಿರಣಿಯ ಮಾಲೀಕ ಸಿದ್ದಲಿಂಗೇಶ್ ಡ್ರಿಲ್ ಹಿಡಿದು ಬಂದು, "ಇಷ್ಟೆಲ್ಲ ಯಾಕವ್ವಾ? ಸಣ್ಣದೊಂದು ತೂತು ಹೊಡೆದು ವೈರ್ ಬಿಟ್ರ ಮುಗೀತು" ಎಂದ. ಗುಲ್ನಾಜ್ ಟ್ಯಾಂಕು ಒರೆಸುತ್ತಲೇ ಮೆಲ್ಲಗೆ ಹೇಳಿದಳು: "ನಮ್ಮಪ್ಪನೂ ಗಿರಣ್ಯಾಗ ಇದ್ರು ಸಾವ್ಕಾರ್ರ. ಅಂಥಾ ತೂತಿನ ಬಿರಡಿ ಕಿತ್ಕಂಡು ಹಬಿ ಮುಖಕ್ಕ ಹೊಡೀತು. ನನ್ನ ಮದುವಿ ದಿನ ಅವ್ರು ನನ್ನ ಮುಖ ಕೈಲೆ ಮುಟ್ಟಿ ನೋಡಿದ್ರು." ಸಿದ್ದಲಿಂಗೇಶ್ ಡ್ರಿಲ್ಲನ್ನು ಮೂಲೆಗಿಟ್ಟು ಬಂದು, ಅವಳು ಮೇಲೆ ಹತ್ತಲೆಂದು ತಾನೇ ಏಣಿ ಹಿಡಿದು ನಿಂತ.