ಮುಳ್ಳು ನಿಂತ ವಾಚು ಕಟ್ಟಿಕೊಂಡು ಹೆಣ್ಣು ನೋಡಲು ಹೋಗಿದ್ದು

"ಮುಳ್ಳು ನಿಂತದಲೇ, ಇದನ್ನ ತಗೊಂಡು ಏನ್ ಮಾಡ್ತಿ?" ಎಂದು ಗೆಳೆಯ ಹುಲುಗಪ್ಪ ನನ್ನ ಅಂಗಿ ಹಿಡಿದು ಎಳೆಯುತ್ತಿದ್ದ. ನನ್ನ ಕಣ್ಣು ಮಾತ್ರ ಆ ಗಾಜಿನ ಪೆಟ್ಟಿಗೆಯಿಂದ ಕದಲಲಿಲ್ಲ.

ಎಂಬತ್ತರ ದಶಕದ ಶುರು. ದೇವದುರ್ಗದ ಹತ್ತಿರದ ನಮ್ಮ ಹಳ್ಳಿ ಬಿಟ್ಟು ರಾಯಚೂರಿನ ಹತ್ತಿ ಗಿರಣಿಗೆ ಕೂಲಿಗೆ ಬಂದಿದ್ದೆ. ಒಂದು ಕಡೆ ಕೂರುವ ಆಸಾಮಿ ನಾನಲ್ಲ. ಸಂಜೆ ಗಿರಣಿ ಬಿಟ್ಟರೆ ಪೇಟೆ ಸುತ್ತುವುದೇ ಕೆಲಸ.

ನನಗೆ ವಾಚು ಬೇಕೇ ಬೇಕಿತ್ತು. ಶೋಕಿಗೆ ಅಲ್ಲ.

ನಮ್ಮಕ್ಕನ ಮದುವೆಯಲ್ಲಿ ಮದುಮಗ ಹಸೆಯ ಮೇಲೆ ಕೂತು, ಮೊದಲು ವಾಚು, ಆಮೇಲೆ ತಾಳಿ ಎಂದು ಮುಖ ತಿರುಗಿಸಿದ್ದ. ಅಪ್ಪ ನಮ್ಮವ್ವನ ಕಾಲಿನ ಬೆಳ್ಳಿ ಕಡಗ ಬಿಚ್ಚಿಸಿಕೊಂಡು ದೇವದುರ್ಗದ ಪೇಟೆಗೆ ಓಡಿದ. ಅವನು ವಾಪಸ್ ಬರುವವರೆಗೆ ನಾವೆಲ್ಲ ಅಕ್ಷತೆ ಹಿಡಿದುಕೊಂಡು ನಿಂತೇ ಇದ್ದೆವು...

ಅವತ್ತೇ ಅಂದುಕೊಂಡಿದ್ದೆ. ನಾನು ಹೆಣ್ಣು ನೋಡಲು ಹೋಗುವ ದಿನ ನನ್ನ ಕೈಯಲ್ಲಿ ನನ್ನದೇ ವಾಚು ಇರಬೇಕು. ಹೆಣ್ಣಿನವರು ವಾಚು ಕೊಡುವ ಮಾತನ್ನೇ ಯಾರೂ ಎತ್ತಬಾರದು.

ಈಗ ಮಾನ್ವಿಯಲ್ಲಿ ಒಂದು ಹೆಣ್ಣು ಗೊತ್ತಾಗಿತ್ತು. ಹೊಸ ವಾಚು ನನ್ನ ಕೂಲಿಗೆ ಎಟುಕುವ ಮಾತಲ್ಲ. ಹಳೇ ವಾಚು ರಿಪೇರಿ ಮಾಡಿ ಮಾರುವ ಖಾದರ್ ಚಾಚಾನ ಅಂಗಡಿಯೇ ಗತಿ.

ಆ ವಾಚು ದಪ್ಪನೆಯದು, ಸ್ಟೀಲಿನದು. ಬಿಳಿ ಮುಖದೊಳಗೆ ಇನ್ನೆರಡು ಪುಟ್ಟ ಮುಖ. ಚಾವಿಯ ಆಚೆ ಈಚೆ ಒಂದೊಂದು ಗುಂಡಿ. ಉದ್ದನೆಯ ಸೆಕೆಂಡ್ ಮುಳ್ಳು ಮಾತ್ರ ಹನ್ನೆರಡರ ಮೇಲೆ ನಿಂತೇ ಇತ್ತು.

"ಸತ್ತಿಲ್ಲ ಬೇಟಾ, ಮಲ್ಕೊಂಡದ. ನೀನೇ ಎಬ್ಬಸು," ಎಂದ ಚಾಚಾ.

ಮೇಲಿನ ಗುಂಡಿ ಒತ್ತಿದೆ. ಟಕ್. ಮುಳ್ಳು ಹೊರಟೇಬಿಟ್ಟಿತು. ಮತ್ತೆ ಒತ್ತಿದೆ, ನಿಂತಿತು. ಕೆಳಗಿನದು ಒತ್ತಿದರೆ ಜಿಗಿದು ಹನ್ನೆರಡಕ್ಕೆ ಹೋಗಿ ಕೂತಿತು. ನನ್ನ ಮೈ ಜುಂ ಎಂದಿತು.

ಅದಕ್ಕೆ ಕ್ರೊನೊಗ್ರಾಫ್ ಅಂತಾರಂತೆ. ಟೈಮೂ ತೋರಿಸುತ್ತದೆ, ಓಟದ ಪಂದ್ಯದಲ್ಲಿ ಎಷ್ಟು ಹೊತ್ತಾಯಿತು ಎಂದೂ ಹಿಡಿಯುತ್ತದೆ. ದಿನದ ಸೆಕೆಂಡು ಓಡುವುದು ಪುಟ್ಟ ಮುಖದಲ್ಲಿ. ಆದರೆ ಬಂದ ಗಿರಾಕಿಗಳೆಲ್ಲ ದೊಡ್ಡ ಮುಳ್ಳು ನೋಡಿ ಕೆಟ್ಟ ವಾಚು ಎಂದು ಬಿಟ್ಟು ಹೋಗುತ್ತಿದ್ದರು. ಚಾಚಾ ಒತ್ತಿ ತೋರಿಸಿದರೆ, ದಿನಾ ಯಾರು ಒತ್ತಕೋತ ಕೂಡಬೇಕು ಎನ್ನುತ್ತಿದ್ದರು.

ಹಾಗಾಗಿ ಅದು ಸಾದಾ ವಾಚಿಗಿಂತ ಅಗ್ಗ. ಕಟ್ಟಿಕೊಂಡೇ ಅಂಗಡಿ ಇಳಿದೆ.

"ಬೇಕಾದಾಗ ಅಷ್ಟೇ ಓಡಸು. ಸುಮ್ಸುಮ್ನೆ ಓಡಸಿ ದಣಸಬ್ಯಾಡ," ಎಂದು ಚಾಚಾ ಹಿಂದಿನಿಂದ ಕೂಗಿ ಹೇಳಿದ.

ಮಾನ್ವಿಗೆ ಹೋದವರು ಅಪ್ಪ, ಸೋದರತ್ತೆ, ನಾನು. ಮಾತಿಗೆ ಕೂತವನು ಹುಡುಗಿಯ ಸೋದರಮಾವ, ಅಕ್ಕಿ ಅಂಗಡಿಯ ಗುಮಾಸ್ತ. ಚಹಾ ಲೋಟ ಕೊಡುವಾಗಲೇ ಅವನ ಕಣ್ಣು ನನ್ನ ಮಣಿಕಟ್ಟಿಗೆ ಬಿತ್ತು.

"ಏನಪಾ, ಬಂದ್ ಬಿದ್ದ ವಾಚು ಕಟ್ಕೊಂಡು ಬಂದೀಯಲ್ಲ. ಬಾಡಿಗಿದೇನು?"

ಮನೆ ತುಂಬ ನಗು. ಅಪ್ಪ ತಲೆ ತಗ್ಗಿಸಿದ.

"ಇರಲಿ ಬಿಡು. ಓಡೋದು ಒಂದು ನಾವೇ ಕೊಡ್ತೀವಿ. ಪದ್ಧತಿ ಅದ."

ಯಾವ ಮಾತು ಬರಬಾರದು ಎಂದು ಇಷ್ಟೆಲ್ಲ ಮಾಡಿದ್ದೆನೋ, ಅದೇ ಮಾತು ಬಂದು ಕೂತಿತ್ತು...

ಕೈ ಮುಂದೆ ಚಾಚಿದೆ. ಒತ್ತಿದೆ. ಟಕ್. ಮುಳ್ಳು ಹೊರಟಿತು, ನಗು ನಿಂತಿತು.

ಮಾವ ಬಗ್ಗಿ ನೋಡಿದ. "ಹೌದಲ್ಲ, ಓಡಾಕತ್ತದ. ಇದು ಯಾತಕ್ಕ ಬೇಕು?"

"ಓಟದಾಗ ಟೈಮ್ ಹಿಡಿಯಾಕ್ರಿ."

"ನಮ್ಮ ಮನ್ಯಾಗ ಯಾರು ಓಡಾಕತ್ತಾರ?"

ಓಡುತ್ತಿದ್ದ ಮುಳ್ಳು ನಿಲ್ಲಿಸಿ ಹನ್ನೆರಡಕ್ಕೆ ಕೂರಿಸಿದೆ. ನಮ್ಮತ್ತೆಗೆ ಇದ್ಯಾವುದೂ ಬೇಕಿರಲಿಲ್ಲ. ಅವಳು ಸೆರಗಿನ ಗಂಟು ಬಿಚ್ಚಿ ಸೂಜಿ, ದಾರ ತೆಗೆದಳು. ಹುಡುಗಿಯ ಕಣ್ಣು ಸರಿ ಇದೆಯೋ ಇಲ್ಲವೋ ನೋಡಲು ಆಗೆಲ್ಲ ಎಲ್ಲರೆದುರು ಸೂಜಿ ಪೋಣಿಸಲು ಹೇಳುತ್ತಿದ್ದರು.

ಹುಡುಗಿ ಈರಮ್ಮ ಚಾಪೆಯ ತುದಿಯಲ್ಲಿ ಕೂತಿದ್ದಳು. ಸೂಜಿ ತೆಗೆದುಕೊಂಡಳು. ತಲೆ ಎತ್ತದೆಯೇ ಹೇಳಿದಳು, "ಹಿಡೀರಿ ಟೈಮು."

ಒತ್ತಿದೆ. ಉಸಿರು ಬಿಡುವಷ್ಟರಲ್ಲಿ ದಾರ ಆಚೆ ಬಂದಿತ್ತು. ಮತ್ತೆ ಒತ್ತಿ ನಿಲ್ಲಿಸಿದೆ. ಆರು ಸೆಕೆಂಡು.

ಮಾವ ಮೀಸೆ ಸವರಿಕೊಂಡ. ಅತ್ತೆ ಸೂಜಿಗೆ ಕೈ ಚಾಚಿದಳು. ಹುಡುಗಿ ಕೊಡಲಿಲ್ಲ. ದಾರ ಎಳೆದು ಸೂಜಿಯನ್ನು ಮತ್ತೆ ಬರಿದು ಮಾಡಿದಳು.

"ಈಗ ಅವರು ಪೋಣಸ್ಲಿ. ವಾಚು ನನ್ನ ಕೈಯಾಗ ಕೊಡ್ರಿ."

"ಯವ್ವಾ, ಏನು ಹುಡುಗಿವ್ವ ಇದು," ಎಂದಳು ಅತ್ತೆ.

ಮುಳ್ಳನ್ನು ಹನ್ನೆರಡಕ್ಕೆ ತಂದು, ವಾಚು ಬಿಚ್ಚಿ ಅವಳ ಅಂಗೈಗೆ ಇಟ್ಟೆ.

ಗುಂಡಿ ಒತ್ತುತ್ತಾಳೆ. ಹತ್ತಿ ಮೂಟೆ ಹೊತ್ತು ಒರಟಾದ ಬೆರಳು ನನ್ನವು. ದಾರ ಬಾಯಲ್ಲಿ ನೆನೆಸುತ್ತೇನೆ, ಹೊಸೆಯುತ್ತೇನೆ... ಸೂಜಿಯ ಕಣ್ಣು ಅಲ್ಲಿ, ದಾರ ಇಲ್ಲಿ. ಮುಳ್ಳು ಒಂದು ಸುತ್ತು ಮುಗಿಸಿ ಎರಡನೇ ಸುತ್ತು ಹಿಡಿಯುತ್ತದೆ.

"ಇನ್ನಾ ಓಡಾಕತ್ತದ ನೋಡ್ರಿ," ಎಂದು ಮಾವ ಕಾಮೆಂಟರಿ ಕೊಡುತ್ತಿದ್ದಾನೆ. ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಾನೆ.

ಅಂತೂ ದಾರ ಹೋಯಿತು. ಎಷ್ಟು ಹೊತ್ತಾಯಿತು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಗು ಇಳಿದ ಮೇಲೆ ಮಾವ ಮತ್ತೆ ಕೇಳಿದ. "ಹಂಗಾದ್ರ ವಾಚಿಂದು ಏನ್ ಮಾಡೋಣು?"

"ನಂದು ಅದರಿ. ಈಗ ನಿಮ್ಮ ಹುಡುಗಿ ಕೈಯಾಗ ಅದ," ಎಂದೆ.

ಅಪ್ಪ ಎದ್ದು ನಿಂತು ಟವೆಲ್ ಹೆಗಲಿಗೆ ಹಾಕಿಕೊಂಡ. "ನಮಗ ವಾಚು ಬ್ಯಾಡ್ರಿ. ಏನೂ ಬ್ಯಾಡ. ಹುಡುಗಿ ಕೊಡ್ರಿ." ಅವನು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಮಾವ ಸೊಸೆಯ ಕಡೆ ತಿರುಗಿದ. ಹುಡುಗಿಯನ್ನು ಎಲ್ಲರ ಮುಂದೆ ಕೇಳುವ ರೂಢಿ ಆಗ ಇರಲಿಲ್ಲ. ಆದರೂ ಕೇಳಿದ. "ಹೆಂಗವ್ವ, ಹುಡುಗ?"

ಅವಳು ವಾಚು ನನ್ನ ಮುಂದೆ ಇಟ್ಟಳು.

"ಕಣ್ಣು ಚಲೋ ಅದಾವ. ಕೈ ಅಷ್ಟೇ ಸ್ವಲ್ಪ ಪಳಗಬೇಕು."

ಹೆಣ್ಣು ನೋಡಲು ಹೋಗಿ, ಪರೀಕ್ಷೆ ಕೊಟ್ಟು ಪಾಸಾಗಿ ಬಂದ ಗಂಡಸರು ನಿಮ್ಮಲ್ಲಿ ಇನ್ನೂ ಯಾರಾದರೂ ಇದ್ದೀರಾ?