ಜನಕಭಾಯಿಯ ಪಾಲಿನ ಚಹಾ

ಸೂರತ್ತಿನ ನನ್ನ ಸೀರೆ ಅಂಗಡಿಯಲ್ಲಿ ಕಾಲೇಜು ಗುಮಾಸ್ತ ಜನಕಭಾಯಿ ಕೂತದ್ದನ್ನು ಯಾರೂ ನೋಡಿರಲಿಲ್ಲ. ಗಾದಿಯವರೆಗೆ ಬರುತ್ತಿದ್ದರು, ಹೊಸ್ತಿಲಿಗೆ ಹೋಗುತ್ತಿದ್ದರು, ಮಾರ್ಚ್ ಬಂತೆಂದರೆ ಫ್ಯಾನಿಗಿಂತ ಹೆಚ್ಚು ತಿರುಗುತ್ತಿದ್ದರು. "ಹಮಾಲ ಕಾನಜಿ ತೆರಿಗೆ ಕಟ್ಟಲ್ಲ, ಬಿಡಿ, ಅವನ ಬೆನ್ನೇ ಸವೆದಿದೆ. ಎದುರಿನ ಮಿಲ್ ಮಾಲೀಕ ಮಗಳ ಮದುವೇನೂ ಕಂಪನಿ ಖರ್ಚಿಗೆ ಹಾಕ್ತಾನೆ. ನಡುವೆ ನಾನೊಬ್ಬ, ಸಂಬಳದ ಮುಖ ನೋಡೋ ಮೊದಲೇ ತೆರಿಗೆ ಕತ್ತರಿಸಿಕೊಂಡೋನು" ಎನ್ನುತ್ತಿದ್ದರು. ಸಮಾಧಾನಕ್ಕೆ ನಾನು ಚಹಾ ತರಿಸುತ್ತಿದ್ದೆ. ಅದನ್ನು ತಟ್ಟೆಗೆ ಸುರಿದುಕೊಂಡು, "ಇದೂ ಅಂಗಡಿ ಖರ್ಚು ತಾನೇ ಶೇಠ್? ನೀವು ಉಳಿಸಿದ ತೆರಿಗೆ ತುಂಬೋನು ನಾನು. ಹಾಗಾಗಿ ಇದು ನನ್ನದೇ ಚಹಾ" ಎಂದು ಹಕ್ಕಿನಿಂದ ಸೊರ್ರೆನ್ನಿಸುತ್ತಿದ್ದರು. ರಸ್ತೆಯ ಗುಂಡಿ, ಪೊಲೀಸನ ಬೂಟು, ಎಲ್ಲವೂ ಅವರದೇ. ಹಗಲಲ್ಲಿ ಬೀದಿದೀಪ ಉರಿದರೆ ಆರಿಸುವವರೆಗೆ ಅವರಿಗೆ ಊಟ ಸೇರುತ್ತಿರಲಿಲ್ಲ. ಕಳೆದ ವರ್ಷ ನಿವೃತ್ತರಾದರು. ಪಿಂಚಣಿ ಸಣ್ಣದು, ತೆರಿಗೆಯ ಗೆರೆಯನ್ನೇ ಮುಟ್ಟುವುದಿಲ್ಲ. "ಗೆದ್ದಿರಲ್ಲ, ಈಗಲಾದರೂ ಕೂತ್ಕೊಳ್ಳಿ" ಎಂದು ಈ ಮಾರ್ಚಿನಲ್ಲಿ ಛೇಡಿಸಿದೆ. ನಿಜಕ್ಕೂ ಕೂತರು. ಚಹಾ ಮುಗಿಸಿ, ಜೇಬು ತಡಕಾಡಿ, ತಟ್ಟೆಯ ಪಕ್ಕ ಹತ್ತು ರೂಪಾಯಿಯ ನಾಣ್ಯ ಇಟ್ಟರು. "ಇದೇನು ಜನಕಭಾಯಿ, ನಾನು ಹೊರಗಿನವನೇ?" ಎಂದೆ. "ನೀವಲ್ಲ ಶೇಠ್. ಈ ವರ್ಷ ಏನೂ ತುಂಬದೋನು ನಾನು" ಎಂದರು.